ಚಟ್ನಿ ಎಡಗಡೆ ಇತ್ತು

12 ಮಾರ್ಚ್ 2024, ಮಂಗಳವಾರ

ಬೆಳಿಗ್ಗೆ ಏಳೂವರೆಗೇ ವಾರ್ಡಿಗೆ ಹೋದೆ, ತಿಂಡಿ ಬರೋ ಹೊತ್ತಿಗೆ. ಆ ಹೊತ್ತು ತಪ್ಪಿದರೆ ನನ್ನ ಕೆಲಸ ಅರ್ಧ ಕೆಟ್ಟ ಹಾಗೆ. (ನನ್ನ ಕೆಲಸ ಒಟಿ. ಒಟಿ ಅಂದರೆ ಆಪರೇಷನ್ ಥಿಯೇಟರಾ ಅಂತ ಕೇಳುವವರೇ ಜಾಸ್ತಿ. ಅಲ್ಲ, ಆಕ್ಯುಪೇಷನಲ್ ಥೆರಪಿ. ಊಟ, ಬಟ್ಟೆ ಹಾಕಿಕೊಳ್ಳುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ರೋಗಿಗಳು ಮತ್ತೆ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ.)

ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದ ಹಿರಿಯರೊಬ್ಬರು. ನಿನ್ನೆ ತಾರೀಕು, ಊರು, ಮೊಮ್ಮಕ್ಕಳ ಹೆಸರು ಎಲ್ಲ ಪಟಪಟ ಹೇಳಿದ್ದರು. ನೂರರಿಂದ ಏಳೇಳು ಕಳೆಯುವುದರಲ್ಲಿ ನನಗಿಂತ ಚುರುಕು. "ತಲೆ ಸರಿಯಾಗೇ ಇದೆಯಲ್ಲ, ಮನೆಗೆ ಕಳಿಸಿ" ಅಂತ ಮಗನ ವರಾತ.

ಇವತ್ತು ತಟ್ಟೆಯಲ್ಲಿ ಮೂರು ಇಡ್ಲಿ. ಬಲಗಡೆಯ ಎರಡನ್ನು ಬರೀ ಸಾಂಬಾರಲ್ಲಿ ತಿಂದು ಕೈ ತೊಳೆಯಲು ಹೊರಟರು. "ಚಟ್ನಿನೇ ಕೊಟ್ಟಿಲ್ಲ ನೋಡಿ" ಅಂತ ಗೊಣಗಾಟ ಬೇರೆ. ಚಟ್ನಿ ಎಡಗಡೆ, ಮೂರನೇ ಇಡ್ಲಿಯ ಪಕ್ಕದಲ್ಲೇ ಇತ್ತು. ನಾನು ಸುಮ್ನೆ ತಟ್ಟೆ ತಿರುಗಿಸಿದೆ.

"ಈಗ ತಂದ್ರಾ?" ಅಂದರು.

ಕಣ್ಣಿನ ತೊಂದರೆ ಇರಬಹುದಲ್ವಾ? ಇರಬಹುದು. ಆದರೆ ಬರೀ ಎಡಗಡೆಯ ದೃಷ್ಟಿ ಹೋದವರು ಸಾಮಾನ್ಯವಾಗಿ ಕತ್ತು ತಿರುಗಿಸಿ ಹುಡುಕುತ್ತಾರೆ. ಇವರು ಹುಡುಕಲೇ ಇಲ್ಲ. ಎಡಗಡೆ ಅನ್ನುವುದೇ ಅವರ ಲೆಕ್ಕಕ್ಕೆ ಬಂದ ಹಾಗಿಲ್ಲ. ನಾವು ನೆಗ್ಲೆಕ್ಟ್ ಅನ್ನೋದು ಇದಕ್ಕೇ.

ಆಮೇಲೆ ಅಂಗಿ. ಕಾಲರ್ ಹಿಡಿಯುವ ಬದಲು ಕೆಳಗಿನ ಅಂಚು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಂತೂ ಬಲಗೈ ತೋಳಿಗೆ ಹೋಯಿತು. ಅಂಗಿಯ ಎಡತೋಳು ಬೆನ್ನ ಹಿಂದೆ ನೇತಾಡುತ್ತಿದ್ದ ಹಾಗೇ ಎರಡು ಗುಂಡಿ ಹಾಕಿ "ಮುಗೀತು" ಅಂದರು. ಎಡಗೈಗೆ ಶಕ್ತಿ ಕಡಿಮೆ, ನಿಜ. ಅದೊಂದೇ ಆಗಿದ್ದರೆ ಬಲಗೈಯಿಂದ ಎತ್ತಿ ತೂರಿಸಲಾದರೂ ನೋಡುತ್ತಿದ್ದರು. ಕಾಲರಿನ ಗೊಂದಲದ ಕಥೆ ಬೇರೆ. ಮೇಲೆ ಯಾವುದು, ಕೆಳಗೆ ಯಾವುದು ಅನ್ನುವ ಅಂದಾಜೇ ತಪ್ಪಿದೆ. ಎರಡನ್ನೂ ಬೇರೆ ಬೇರೆ ಬರೆದುಕೊಂಡೆ.

ತಪ್ಪಿನ ಜಾಡು ಹಿಡಿದು ಮೆದುಳಿನವರೆಗೆ ಹೋಗುವ ಈ ಕ್ರಮವನ್ನು ಐಸ್‌ಲ್ಯಾಂಡಿನ ಥೆರಪಿಸ್ಟ್ ಗುದ್ರುನ್ ಆರ್ನಾಡೊಟ್ಟಿರ್ 1990ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಅವರ ಪರೀಕ್ಷೆಯ ಹೆಸರು ಎ-ಒನ್. ಅದರ ಅಂಕ ಹಾಕಲು ತರಬೇತಿ ಬೇಕು, ನನಗೆ ಆಗಿಲ್ಲ. ನೋಡುವ ರೀತಿಯನ್ನಷ್ಟೇ ಕಡ ತಂದಿದ್ದೇನೆ.

ನಿಜಕ್ಕೂ ಕಷ್ಟ ಅಂದರೆ ಕೈಕಟ್ಟಿ ಕೂರುವುದು. ಅವರ ಹೆಂಡತಿ ಮೂರು ಸಲ ಎದ್ದರು, ಮೂರು ಸಲವೂ ಕೂರಿಸಿದೆ. "ಹತ್ತು ದಿನದಿಂದ ನಾನೇ ಹಾಕಿಸ್ತಿದ್ದೆ ಮೇಡಂ, ಗೊತ್ತೇ ಆಗ್ಲಿಲ್ಲ" ಅಂದರು.

ಕೊನೆಗೆ ವಿಭೂತಿ. ಮೂರೂ ಗೆರೆ ಹಣೆಯ ನಡುವಿಗೇ ನಿಂತವು. ಆಕೆ ಬೆರಳು ಚಾಚಿದವರು ನನ್ನ ಮುಖ ನೋಡಿ ಹಿಂದೆಗೆದರು.

"ಇಡಿ ಅಮ್ಮಾ" ಅಂದೆ.