ಹರಕೆ ನಡಿಗೆಗೆ ಮೊದಲು ಮಡಿಕೇರಿಯಲ್ಲಿ ಒಂದು ರಾತ್ರಿ

ಮಡಿಕೇರಿಯಲ್ಲಿ ರೂಮುಗಳಿಗೆ ಬರ ಇಲ್ಲ. ಲಾಡ್ಜ್, ಹೋಂಸ್ಟೇ, ರೆಸಾರ್ಟ್ ಎಲ್ಲ ಇವೆ. ಆದರೆ ತುಲಾ ಸಂಕ್ರಮಣದ ಹೊತ್ತಿಗೆ ನಡೆದು ತಲಕಾವೇರಿಗೆ ಹೋಗುವವರು, ಒಂದು ರಾತ್ರಿ ಕಡಿಮೆ ದುಡ್ಡಿನಲ್ಲಿ ಮಲಗಿ ನಸುಕಿನಲ್ಲಿ ಎದ್ದು ಹೊರಡಬೇಕು ಅಂದರೆ ಊರನ್ನು ಸ್ವಲ್ಪ ಸುತ್ತಲೇಬೇಕು. 2024ರ ಅಕ್ಟೋಬರ್‌ನಲ್ಲಿ ನಾನು, ತಮ್ಮ, ಅವ್ವ ಹಾಗೆ ಸುತ್ತಿದೆವು.

ನಮ್ಮದು ಮಂಡ್ಯದ ಕಡೆ, ನಾಲೆ ನೀರಿನ ಗದ್ದೆ. 2023ರಲ್ಲಿ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಲಿಲ್ಲ. ಇದ್ದ ನೀರಿಗೂ ಜಗಳ, ಬಂದ್. ಆಗ ಅವ್ವ ಹರಕೆ ಹೊತ್ತಳು. "ಕಟ್ಟೆ ತುಂಬಲಿ, ಕಾವೇರಮ್ಮನ ಹತ್ರ ನಡ್ಕೊಂಡೇ ಬತ್ತೀನಿ" ಅಂದಳು. ಮರುವರ್ಷದ ಮುಂಗಾರಿನಲ್ಲಿ 124.80 ಅಡಿಯ ಕಟ್ಟೆ ತುಂಬಿತು. ಹರಕೆ ತೀರಿಸಲೇಬೇಕಲ್ವಾ?

ಆದರೆ ಅವ್ವನ ಮಂಡಿ ಸವೆದಿದೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ತಲಕಾವೇರಿಗೆ ಏರುದಾರಿಯಲ್ಲಿ ಇನ್ನೂ 8. ಭಾಗಮಂಡಲದವರೆಗೆ ನಾನು ಮತ್ತು ತಮ್ಮ ಅವಳ ಪರವಾಗಿ ನಡೆಯುವುದು, ಅವಳು ಬ್ಯಾಗುಗಳ ಜೊತೆ ಬಸ್ಸಿನಲ್ಲಿ ಬಂದು ಕೊನೆಯ 8 ಕಿಲೋಮೀಟರ್ ನಮ್ಮೊಂದಿಗೆ ಹತ್ತುವುದು ಅಂತ ಮಾತಾಯಿತು.

ತಲಕಾವೇರಿಯ ಬ್ರಹ್ಮಕುಂಡಿಕೆ ಅನ್ನುವ ಪುಟ್ಟ ಕೊಳದಲ್ಲಿ ಕಾವೇರಿ ಉಕ್ಕಿ ಬರುವುದಕ್ಕೆ ತೀರ್ಥೋದ್ಭವ ಅನ್ನುತ್ತಾರೆ. ಅದರ ಗಳಿಗೆ ಪ್ರತಿ ವರ್ಷ ಒಂದೇ ಇರುವುದಿಲ್ಲ. ಸೂರ್ಯ ತುಲಾ ರಾಶಿಗೆ ಬರುವ ಹೊತ್ತು ಅದು. ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಹೋಗುತ್ತದೆ. 2023ರಲ್ಲಿ ಮಧ್ಯರಾತ್ರಿ ದಾಟಿ 1.27ಕ್ಕೆ ಬಂದಿತ್ತು. 2024ರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7.40. ಎಲ್ಲಿ ಯಾವತ್ತು ಮಲಗಬೇಕು ಅನ್ನುವುದನ್ನು ಈ ಗಳಿಗೆಯೇ ತೀರ್ಮಾನಿಸುತ್ತದೆ. ಬೆಳಿಗ್ಗೆ 7.40 ಅಂದರೆ 16ರ ರಾತ್ರಿ ಭಾಗಮಂಡಲದಲ್ಲೇ ಇರಬೇಕು. ಹಾಗಾದರೆ 16ರ ನಸುಕಿಗೇ ಮಡಿಕೇರಿ ಬಿಡಬೇಕು. 15ರ ರಾತ್ರಿಗೆ ಮಡಿಕೇರಿಯಲ್ಲಿ ರೂಮು ಬೇಕು.

ದಸರಾ ಮಂಟಪಗಳ ಗದ್ದಲ ಆಗಷ್ಟೇ ಮುಗಿದಿತ್ತು. ಶಾಲೆಗಳ ದಸರಾ ರಜೆ ಮುಗಿದಿರಲಿಲ್ಲ. 17ನೇ ತಾರೀಖು ಗುರುವಾರ, ವಾಲ್ಮೀಕಿ ಜಯಂತಿಯ ರಜೆ. ಶುಕ್ರವಾರ ಒಂದು ದಿನ ರಜೆ ಹಾಕಿದವರಿಗೆ ಭಾನುವಾರದವರೆಗೆ ಪ್ರವಾಸ. ಬಸ್ ಸ್ಟ್ಯಾಂಡ್ ಹತ್ತಿರದ ಮೊದಲ ಲಾಡ್ಜಿನಲ್ಲೇ ಇದು ಗೊತ್ತಾಯಿತು. ಇಬ್ಬರ ರೂಮಿಗೆ 2,800 ರೂಪಾಯಿ, ಮೂರನೆಯವರ ಹಾಸಿಗೆಗೆ ಬೇರೆ 600. ಪಕ್ಕದಲ್ಲಿ ಇನ್ನೊಬ್ಬರು, ವಾರದ ಕೊನೆಯವರೆಗೂ ತಗೊಂಡರೆ ಮಾತ್ರ ಕೊಡ್ತೀವಿ ಅಂದರು. ಒಂದು ಕಡೆ 1,200ಕ್ಕೆ ಸಿಕ್ಕಿತು. ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಿಸಿನೀರು ಆರೂವರೆಯ ನಂತರ. ಬೀಗ ತೆಗೆಯುವುದೂ ಆರಕ್ಕೆ.

ಪ್ರವಾಸಕ್ಕೆ ಬಂದವರಿಗೆ ಇದರಿಂದ ತೊಂದರೆ ಇಲ್ಲ. ನಡೆಯುವವರ ಲೆಕ್ಕ ಬೇರೆ. ನಮಗೆ ಕಿಟಕಿಯಿಂದ ಕಣಿವೆ ಕಾಣುವುದು ಬೇಡ, ಟಿವಿ ಬೇಡ. ನಾಲ್ಕು ಗಂಟೆಗೆ ಬಾಗಿಲು ತೆಗೆಯಬೇಕು, ಅಷ್ಟು ಹೊತ್ತಿಗೇ ಸ್ನಾನಕ್ಕೆ ಬಿಸಿನೀರು ಇರಬೇಕು, ಒದ್ದೆ ಬಟ್ಟೆ ಹರವಲು ಜಾಗ ಬೇಕು, ಮೆಟ್ಟಿಲು ಕಡಿಮೆ ಇರಬೇಕು. ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ ಇಷ್ಟನ್ನು ಕೇಳುವುದು ಒಳ್ಳೆಯದು.

ತಮ್ಮ ಫೋನಿನಲ್ಲಿ ಹುಡುಕುತ್ತಲೇ ಇದ್ದ. "ಅಕ್ಕ, ಇಲ್ಲಿ ನೋಡು, ಸಾವಿರದ ಇನ್ನೂರಕ್ಕೆ ಹೋಂಸ್ಟೇ, ತಿಂಡಿನೂ ಕೊಡ್ತಾರೆ" ಅಂದ. ಮ್ಯಾಪ್ ತೆಗೆದು ನೋಡಿದರೆ ಊರಿನಿಂದ ಒಂಬತ್ತು ಕಿಲೋಮೀಟರ್ ಆಚೆ, ಕಾಫಿ ತೋಟದೊಳಗೆ. ಕಾರು ಇದ್ದವರಿಗೆ ಚೆನ್ನಾಗಿದೆ. ನಮಗೆ ಹೋಗಿ ಬರಲು ಆಟೋ ಮಾಡಿದರೆ ಉಳಿದ ದುಡ್ಡು ಅಲ್ಲೇ ಮುಗಿಯುತ್ತದೆ. ನಸುಕಿನಲ್ಲಿ ಆಟೋ ಸಿಗುವ ಭರವಸೆಯೂ ಇಲ್ಲ.

ಸಣ್ಣಗೆ ಮಳೆ ಹಿಡಿಯಿತು. ಚೌಕಿ ಹತ್ತಿರ ಒಂದು ಹೋಟೆಲಿನಲ್ಲಿ ಕೂತು ಟೀ ಹೇಳಿದೆವು. ಟೀ ತಂದವರಿಗೆ ಅವ್ವ ನೇರವಾಗಿ ಹೇಳಿದಳು: "ಕಾವೇರಮ್ಮನ ತಾವಕ್ಕೆ ನಡ್ಕೊಂಡು ಹೋಗಕೆ ಬಂದಿವಿ ಕಣಪ್ಪ, ಒಂದು ರಾತ್ರಿ ಮಲಗಕೆ ಜಾಗ ಐತಾ?" ನಾವು ಅಷ್ಟು ಹೊತ್ತೂ ರೂಮು ಕೇಳಿದ್ದೆವು, ಅವಳು ಮಲಗಲು ಜಾಗ ಕೇಳಿದಳು. ಅವರು ತಟ್ಟೆ ಕೆಳಗಿಟ್ಟು ಹೊರಗೆ ಬಂದು ಮಹದೇವಪೇಟೆ ಕಡೆಯ ಒಂದು ಓಣಿ ತೋರಿಸಿದರು. ಅಲ್ಲೊಂದು ಮನೆಯಲ್ಲಿ ಆಸ್ಪತ್ರೆಗೆ ಬಂದವರ ಕಡೆಯವರಿಗೆ, ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ಬಂದವರಿಗೆ ರೂಮು ಕೊಡುತ್ತಾರಂತೆ. ಬೋರ್ಡ್ ಇಲ್ಲ. ಫೋನಿನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ.

ಬಾಗಿಲು ತೆಗೆದವರು ಅರವತ್ತು ದಾಟಿದ ಹೆಂಗಸು. ಮನೆಯಲ್ಲಿ ಕೊಡಗಿನ ಗೌಡರ ಮಾತಾದ ಅರೆಭಾಷೆ, ನಮ್ಮ ಜೊತೆ ಕನ್ನಡ. ಮೂವರ ಆಧಾರ್ ನೋಡಿ, ಹೆಸರು ಬರೆದುಕೊಂಡು, ಏಳುನೂರು ರೂಪಾಯಿ ಅಂದರು. ನೆಲಮಹಡಿಯ ರೂಮು, ಎರಡು ಮಂಚ, ಒಂದು ಚಾಪೆ, ದಪ್ಪ ಕಂಬಳಿ. "ಎಷ್ಟು ಗಂಟೆಗೆ ಹೊರಡುದು?" ಅಂತ ಅವರೇ ಕೇಳಿದರು. ನಾಲ್ಕೂವರೆ ಅಂದೆ. "ಹಾಗಾದ್ರೆ ಮೂರೂವರೆಗೆ ಹಂಡೆ ಒಲೆ ಹಚ್ತೇನೆ" ಅಂದರು. ಅಷ್ಟು ಹೊತ್ತು ಊರೆಲ್ಲ ಕೇಳಿದರೂ ಸಿಗದ ಮಾತು ಅದು.

ಸಂಜೆ ಓಂಕಾರೇಶ್ವರನಿಗೆ ಕೈಮುಗಿದು ಬಂದೆವು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ. ಆಮೇಲೆ ಅಡುಗೆಮನೆಯಲ್ಲೇ ಅನ್ನ, ಸಾರು. ಅವ್ವನಿಗೂ ಆ ಅಮ್ಮನಿಗೂ ಮಾತು ಮುಗಿಯಲೇ ಇಲ್ಲ. ಸಂಕ್ರಮಣದ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಕಾವೇರಿ ಅಂತ ಪೂಜೆ ಮಾಡುತ್ತಾರೆ. ದೋಸೆ, ಕುಂಬಳಕಾಯಿ ಪಲ್ಯ ಮಾಡುತ್ತಾರೆ. ಇದನ್ನೆಲ್ಲ ಅವರು ಹೇಳಿದರೆ, ಅವ್ವ ನಾಲೆಗೆ ಮೊದಲ ನೀರು ಬಂದ ದಿನ ನಮ್ಮೂರಲ್ಲಿ ಹೇಗಿರುತ್ತದೆ ಅಂತ ಹೇಳಿದಳು. ತಮ್ಮನ ನೆಂದ ಶೂಗಳು ಆಗಲೇ ಬಚ್ಚಲ ಒಲೆಯ ಪಕ್ಕ ಸೇರಿದ್ದವು. ಮಲಗುವ ಮೊದಲು ಅವರು ಕೇಳಿದ್ದು ಒಂದೇ: "ನನಗೀಗ ಆ ಮೆಟ್ಟಿಲು ಹತ್ತುಲೆ ಆಗುದಿಲ್ಲ. ಒಂದು ಬಾಟ್ಲಿ ತೀರ್ಥ ತಂದುಕೊಡಿ."

ನಸುಕಿನಲ್ಲಿ ಹಂಡೆ ನೀರು ಸುಡುತ್ತಿತ್ತು. ಮಂಜಿನಲ್ಲಿ ಹೊರಟು ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ದಾಟಿ ಕತ್ತಲಾದ ಮೇಲೆ ಭಾಗಮಂಡಲ ತಲುಪಿದೆವು. ಮಧ್ಯಾಹ್ನವೇ ಬಸ್ಸಿನಲ್ಲಿ ಬಂದಿದ್ದ ಅವ್ವ ಒಂದು ಜಗುಲಿಯಲ್ಲಿ ಟವೆಲ್ ಹಾಸಿ ಮೂವರಿಗೂ ಜಾಗ ಹಿಡಿದಿದ್ದಳು. ಬೆಳಗಾಗುವ ಮುಂಚೆಯೇ ಸಂಗಮದಲ್ಲಿ ಮುಳುಗಿ, ಭಗಂಡೇಶ್ವರನಿಗೆ ಕೈಮುಗಿದು ಬೆಟ್ಟ ಹತ್ತಿದೆವು. ಬ್ರಹ್ಮಕುಂಡಿಕೆಯ ಹತ್ತಿರ ಜನವೋ ಜನ. ತೀರ್ಥ ಮೈಮೇಲೆ ಬಿದ್ದಾಗ ಅವ್ವ ಅತ್ತಳು. ನಾನೂ ಅತ್ತೆ.

ವಾಪಸ್ ಬರುವಾಗ ಮಡಿಕೇರಿಯಲ್ಲಿ ಇಳಿದು ಬಾಟ್ಲಿ ಕೊಟ್ಟೆವು. ಅವರು ಅದನ್ನು ದೇವರ ಮುಂದಿಟ್ಟು, ಅವ್ವನಿಗೆ ಕುಂಕುಮ ಕೊಟ್ಟರು.

ಇಷ್ಟು ದೂರದಿಂದ ಈ ನೀರನ್ನು ನಂಬಿ ನಡೆದು ಬರುವವರಿಗೆ ಮಡಿಕೇರಿಯಲ್ಲಿ ಒಂದು ಛತ್ರ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ದೊಡ್ಡ ಕಟ್ಟಡ ಬೇಡ. ಸಂಕ್ರಮಣದ ವಾರ ಒಂದು ಶಾಲೆಯ ಹಾಲ್, ಚಾಪೆ, ನಸುಕಿಗೆ ಬಿಸಿನೀರು ಇದ್ದರೂ ಸಾಕು. ನೂರೋ ಇನ್ನೂರೋ ಸಂತೋಷವಾಗಿ ಕೊಡುತ್ತಾರೆ. ಅಲ್ಲಿಯವರೆಗೆ ನಮ್ಮೂರಿನವರಿಗೆ ನಾನು ಆ ಮನೆಯ ದಾರಿಯನ್ನೇ ಹೇಳುತ್ತಿದ್ದೇನೆ. 2025ರಲ್ಲಿ ಗಳಿಗೆ ಮಧ್ಯಾಹ್ನಕ್ಕೆ ಬಂದಿತ್ತು. ನಮ್ಮ ಬೀದಿಯ ಇಬ್ಬರು ಹೆಂಗಸರು ತಿಂಗಳ ಮುಂಚೆಯೇ ಫೋನ್ ಮಾಡಿ, ಆ ರೂಮನ್ನು ಹಿಡಿದಿಟ್ಟುಕೊಂಡು ಹೋಗಿಬಂದರು.