ಲಿಂಬಿ ಗಿಡಕ್ಕೆ ಸಿಹಿ ನೀರು

ಮೇ ತಿಂಗಳ ಕೊನೆ ವಾರ. ವಿಜಯಪುರದ ನಮ್ಮ ಮನೆಯ ಮಾಳಿಗೆ ಮೇಲೆ ಬೆಳಿಗ್ಗೆ ಒಂಬತ್ತಕ್ಕೇ ಬರಿಗಾಲಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮಧ್ಯಾಹ್ನ 40 ಡಿಗ್ರಿ ದಾಟುತ್ತಿತ್ತು. ಆ ಬಿಸಿಲನ್ನೇ ನಂಬಿಕೊಂಡು ಅವ್ವ ಇಂಡಿ ಕಡೆಯ ನಮ್ಮೂರಿನಿಂದ ಬಂದಿದ್ದಳು. ಒಂದು ಚೀಲದಲ್ಲಿ ಐದು ಕಿಲೋ ಗೋಧಿ. ಇನ್ನೊಂದರಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

"ಮಿರಗ ಕೂಡೂದರಾಗ ಕುರಡಗಿ ಮುಗಿಸಿಬಿಡೂಣು" ಅಂದಳು, ಬಾಗಿಲಲ್ಲಿ ಚೀಲ ಇಳಿಸುತ್ತಲೇ. ಕುರಡಗಿ ಅಂದರೆ ಗೋಧಿ ಹಾಲು ಕುದಿಸಿ, ಒತ್ತಿ, ಒಣಗಿಸುವ ಸಂಡಿಗೆ. ಮೃಗಶಿರಾ ಮಳೆಗೆ ನಮ್ಮಲ್ಲಿ ಮಿರಗ ಅನ್ನುತ್ತಾರೆ. ಜೂನ್ 7-8ಕ್ಕೆ ಅದು ಕೂಡುತ್ತದೆ. ಆಮೇಲೆ ಅವಳಿಗೆ ತೊಗರಿ ಬಿತ್ತಿಗೆಯ ಚಿಂತೆ. ಹೊಲ ಬಿಟ್ಟು ಬರುವವಳಲ್ಲ.

ಸಂಜೆಯೇ ಗೋಧಿ ತೊಳೆದು ನೆನೆ ಹಾಕಿದಳು. ಕುರಡಗಿಗೆ ಗೋಧಿ ಮೂರು ದಿನ ನೆನೆಯಬೇಕು. ದಿನಾ ನೀರು ಬದಲಿಸಬೇಕು.

ಮರುದಿನ ಬೆಳಿಗ್ಗೆ ಆರಕ್ಕೆ ನಾನು ಎದ್ದಾಗ ಅವ್ವ ಹಿತ್ತಲಲ್ಲಿ ಲಿಂಬಿ ಗಿಡದ ಮುಂದೆ ಕೂತಿದ್ದಳು. ಐದು ವರ್ಷದ ಹಿಂದೆ ಅವಳೇ ಊರಿಂದ ತಂದು ನೆಟ್ಟ ಸಸಿ ಅದು. ಇಂಡಿ ಕಡೆಯ ಲಿಂಬೆ ಅಂದರೆ ನಿಮಗೂ ಗೊತ್ತಿರಬಹುದು, ತೆಳು ಸಿಪ್ಪೆ, ತುಂಬಾ ರಸ. ಈ ವರ್ಷ ನಮ್ಮ ಗಿಡ ಮೊದಲ ಸಲ ಕಾಯಿ ಹಿಡಿದಿತ್ತು. ಎಣಿಸಿದ್ದೆ, ಮೂವತ್ತೆರಡು. ಗೋಲಿ ಗಾತ್ರಕ್ಕೆ ಬಂದ ಮೇಲೆ ಒಂದೊಂದೇ ಉದುರಲು ಶುರುವಾಯಿತು. ಎಲೆಗಳ ತುದಿ ಸುಟ್ಟ ಹಾಗೆ ಕಂದಾಗಿತ್ತು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ನಾನು ನೀರು ಜಾಸ್ತಿ ಮಾಡಿದ್ದೆ.

"ಮಧ್ಯಾಹ್ನ ಎಲಿ ಬಾಡೂದು ಎಲ್ಲಾ ಗಿಡಕ್ಕೂ ಇರತೈತಿ. ಮುಂಜಾನೆ ಆರಕ್ಕ ಬಾಡಿ ನಿಂತಾವಂದ್ರ ಬ್ಯಾರೆ ಏನೋ ಆಗೇತಿ" ಅಂದಳು ಅವ್ವ. "ಯಾವ ನೀರ ಹಾಕ್ತೀ ಇದಕ್ಕ?"

"ಬೋರಿನ ನೀರವ್ವಾ. ದಿನಾ ಎರಡು ಕೊಡ. ನಳದ ನೀರ ನಮಗ ಕುಡ್ಯಾಕ ಸಾಲೂದಿಲ್ಲ."

ಪಕ್ಕದ ಮನೆಯ ಅಕ್ಕ ಬೇಸಿಗೆ ತುಂಬ ತಮ್ಮ ಬೋರಿನಿಂದ ನಮಗೆ ನೀರು ಕೊಡುತ್ತಾರೆ. ಅವ್ವ ಬಕೆಟ್‌ನಿಂದ ಒಂದು ಬೊಗಸೆ ಎತ್ತಿ ಬಾಯಲ್ಲಿಟ್ಟುಕೊಂಡಳು. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಉಗುಳಿದಳು. ಬುಡದ ಮಣ್ಣು ಕೆದರಿ ತೋರಿಸಿದಳು. ಮೇಲೆ ತೆಳ್ಳಗೆ ಬಿಳಿ ಹೊಟ್ಟಿನಂಥದ್ದು ಕೂತಿತ್ತು. ನಾನು ದಿನಾ ಅದನ್ನು ನೋಡುತ್ತಿದ್ದೆ. ಧೂಳು ಅಂದುಕೊಂಡಿದ್ದೆ.

"ಸವಳ ನೀರ ಇದು. ತೆಂಗಿನ ಗಿಡ ಆದ್ರ ತಡಕೋತೈತಿ. ಲಿಂಬಿಗಿ ಆಗೂದಿಲ್ಲ ಮಗಳಾ."

ನನಗೆ ಗಂಟಲು ಕಟ್ಟಿತು. ಎರಡು ತಿಂಗಳು ಸೊಂಟ ನೋಯುವವರೆಗೆ ಕೊಡ ಹೊತ್ತು ನಾನೇ ಆ ಗಿಡಕ್ಕೆ ಉಪ್ಪು ಉಣಿಸಿದ್ದೆ. ಲಿಂಬೆ, ಮೋಸಂಬಿ, ಕಿತ್ತಳೆ ಜಾತಿಗೆ ಉಪ್ಪು ತಡೆಯುವುದಿಲ್ಲ. ನೀರು ಬಿಸಿಲಿಗೆ ಆರಿ ಹೋಗುತ್ತದೆ, ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ನಮ್ಮದು ಎರೆ ಮಣ್ಣು, ಒದ್ದೆಯಾದರೆ ಅಂಟಿ ಕೂರುತ್ತದೆ, ನೀರು ಬೇಗ ಕೆಳಗೆ ಬಸಿಯುವುದಿಲ್ಲ. ಆ ಉಪ್ಪು ಬೇರಿನಿಂದ ಏರಿ ಎಲೆಯ ತುದಿಯನ್ನು ಸುಡುತ್ತದೆ. ನಾನು ಹೆಚ್ಚು ಹಾಕಿದಷ್ಟೂ ಅದಕ್ಕೆ ಹೆಚ್ಚು ಸಂಕಟ.

ಅವ್ವ ಬೈಯಲಿಲ್ಲ. ಕುರ್ಪಿ ತಗೊಂಡು ಮೇಲಿನ ಒಂದು ಬೆರಳಿನಷ್ಟು ಮಣ್ಣನ್ನು ಮೆಲ್ಲಗೆ ಕೆರೆದು ಹೊರಗೆ ಹಾಕಿದಳು. ಆಳಕ್ಕೆ ಹೋಗಲಿಲ್ಲ, ಲಿಂಬೆಯ ಬೇರು ಮೇಲೆಯೇ ಹರಡಿರುತ್ತವೆ. ಬುಡಕ್ಕೆ ಒಂದಿಷ್ಟು ಮಣ್ಣು ಏರಿಸಿ, ಎಲೆಗಳ ನೆರಳು ಬೀಳುವ ಅಂಚಿನಲ್ಲಿ ಸುತ್ತಲೂ ಪಾತಿ ಮಾಡಿದಳು. ನಾನು ಇಷ್ಟು ದಿನ ನೀರನ್ನು ಕಾಂಡಕ್ಕೇ ಸುರಿಯುತ್ತಿದ್ದೆ. ಅದೂ ತಪ್ಪು. ಕಾಂಡ ಸದಾ ಒದ್ದೆ ಇದ್ದರೆ ತೊಗಟೆ ಕೊಳೆತು ಅಂಟು ಸೋರುತ್ತದಂತೆ.

ಆಮೇಲೆ ಅವಳ ಕಣ್ಣು ನಮ್ಮ ಅಡುಗೆ ಮನೆ ಮೇಲೆ ಬಿತ್ತು. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರೆಲ್ಲ ಒಂದು ಬಕೆಟ್‌ಗೆ. ಸೋಪಿನ ನೀರು ಬೇರೆ. ನಮ್ಮ ಮನೆಯವರು ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನೂ ಗಿಡಕ್ಕೆ ಬಿಡೋಣ ಅಂದರು. ಅವ್ವ ಅದನ್ನೂ ಬಾಯಿಗಿಟ್ಟು ನೋಡಿ ಬೇಡ ಅಂದಳು. ಸರಿಯೇ, ಫಿಲ್ಟರ್ ಉಪ್ಪನ್ನೆಲ್ಲ ಆ ನೀರಿಗೇ ತಳ್ಳಿರುತ್ತದೆ. ಅದು ನೆಲ ಒರೆಸಲು ಹೋಯಿತು.

ನನ್ನ ಒಂಬತ್ತು ವರ್ಷದ ಮಗನಿಗೆ ಸೂಟಿ. ಆಯಿಯ ಹಿಂದೆ ಹಿಂದೆಯೇ ಇದ್ದ. ಹಿತ್ತಲ ಮೂಲೆಯಲ್ಲಿ ಕೊಲ್ಹಾರದ ಮೊಸರಿನ ಗಡಿಗೆಗಳು ಬಿದ್ದಿದ್ದವು. ಆ ಕಡೆ ಹೋದಾಗಲೆಲ್ಲ ಮೊಸರು ತರುತ್ತೇವೆ, ಖಾಲಿ ಗಡಿಗೆ ಬಿಸಾಡಲು ಮನಸ್ಸಾಗುವುದಿಲ್ಲ. ಅವ್ವ ಅದರಲ್ಲಿ ನಾಲ್ಕು ಆರಿಸಿದಳು.

"ಬೆಣ್ಣಿ ಜಿಡ್ಡ ಇದ್ರ ಗಡಿಗಿ ನೀರ ಬಿಡೂದಿಲ್ಲ" ಅಂತ ಬೂದಿ ಹಾಕಿ, ಬಿಸಿ ನೀರಲ್ಲಿ ತಿಕ್ಕಿ, ಇಡೀ ದಿನ ಬಿಸಿಲಿಗಿಟ್ಟಳು. ಸಂಜೆ ಪಾತಿಯ ನಾಲ್ಕು ಕಡೆ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ಫರ್ಸಿ ಕಲ್ಲಿನ ಚೂರು ಮುಚ್ಚಿದಳು. ಸುತ್ತಲೂ ಶೇಂಗಾ ಸಿಪ್ಪೆ ಹರವಿದಳು. ಸುಟ್ಟ ಮಣ್ಣಿನ ಗಡಿಗೆ ತಾನಾಗೇ ಬೆವರುತ್ತದೆ. ಮಣ್ಣು ಒಣಗಿದಷ್ಟು ನೀರು ಬಿಡುತ್ತದೆ. ಮಗನಿಗೆ ಇದು ದೊಡ್ಡ ಸೋಜಿಗ. ಗಂಟೆಗೊಮ್ಮೆ ಫರ್ಸಿ ಎತ್ತಿ ನೋಡುತ್ತಿದ್ದ.

"ಆಯಿ, ನಮ್ಮ ನಳದ ನೀರೂ ಕೊಲ್ಹಾರದಿಂದನ ಬರತೈತಿ. ಕೃಷ್ಣಾ ಹೊಳಿದು."

"ಹೌದೇನಪಾ? ಹಂಗಾರ ನೀರು ಗಡಿಗಿ ಎರಡೂ ಒಂದ ಊರಿನವು" ಅಂದಳು ಅವ್ವ.

ಗೋಧಿ ರುಬ್ಬುವ ದಿನ ನಳ ಬರಬೇಕಿತ್ತು. ಬರಲಿಲ್ಲ. ಟ್ಯಾಂಕರಿನವ ಹತ್ತಕ್ಕೆ ಬರುತ್ತೇನೆ ಅಂದಿದ್ದ. ಹನ್ನೆರಡಾಯಿತು, ಫೋನ್ ಕೂಡ ಎತ್ತಲಿಲ್ಲ. ಗೋಧಿ ಹುಳಿ ವಾಸನೆ ಬಿಟ್ಟಿತ್ತು. ಇನ್ನೊಂದು ದಿನ ಬಿಟ್ಟರೆ ಕೆಡುತ್ತದೆ. ಡ್ರಮ್ಮಿನಲ್ಲಿ ಆರು ಕೊಡ ಸಿಹಿ ನೀರಷ್ಟೇ ಇತ್ತು. ನನಗೆ ಅಳುವೇ ಬಂತು.

ಅವ್ವ ಲೆಕ್ಕ ಹಾಕಿದಳು. ಕುರಡಗಿಗೆ ಎರಡು ಕೊಡ. ಕುಡಿಯಲು, ಅಡುಗೆಗೆ ಮೂರು. ಒಂದು ಕೊಡ ಹಿತ್ತಲಿಗೆ. ಸ್ನಾನ, ಪಾತ್ರೆ ಎಲ್ಲ ಬೋರಿನ ನೀರಲ್ಲಿ. ಇಂಥ ಹೊತ್ತಲ್ಲಿ ಗಿಡಕ್ಕೆ ಒಂದು ಕೊಡವೇ ಅಂತ ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮಗ ಆ ಕೊಡದಿಂದ ತಂಬಿಗೆ ತುಂಬಿಕೊಂಡು ಹೊರಟೇಬಿಟ್ಟಿದ್ದ.

ಗೋಧಿ ರುಬ್ಬಿ, ಹಿಂಡಿ ಹಾಲು ತೆಗೆದು ಇಟ್ಟೆವು. ಸಿಪ್ಪೆ ಓಣಿಯ ಎಮ್ಮೆಗೆ ಹೋಯಿತು. ಮರುದಿನ ನಸುಕಿನಲ್ಲಿ ಮೇಲಿನ ತಿಳಿ ಬಸಿದು, ತಳದ ಗಟ್ಟಿ ಹಿಟ್ಟನ್ನು ಉಪ್ಪು, ಜೀರಿಗೆ, ಇಂಗು ಹಾಕಿ ಕುದಿಸಿದಳು. ಕೈಬಿಡದೆ ತಿರುವಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಒಲೆಯ ಮುಂದೆ ನಾವಿಬ್ಬರೂ ಸರದಿ ಮೇಲೆ ನಿಂತೆವು. ಬಿಸಿ ಹಿಟ್ಟಿಗೆ ತುಪ್ಪ ಹಾಕಿ ಮಗನಿಗೆ ಒಂದು ಬಟ್ಟಲು ಕೊಟ್ಟಳು. ನನಗೂ ಒಂದು ತುತ್ತು ಇಟ್ಟಳು. ಸಣ್ಣವಳಿದ್ದಾಗ ಆ ಒಂದು ತುತ್ತಿಗಾಗಿಯೇ ನಾನು ಬೇಗ ಏಳುತ್ತಿದ್ದೆ.

ಬಿಸಿಲು ಏರುವ ಮೊದಲೇ ಮಾಳಿಗೆ ಮೇಲೆ ಧೋತರ ಹಾಸಿ ಒತ್ತಿದೆವು. ಪಕ್ಕದ ಅಕ್ಕಾರೂ ಬಂದು ಕೈ ಹಚ್ಚಿದರು. ಬಿಳಿ ನೂಲಿನ ಸುರುಳಿಗಳು ಸಾಲು ಸಾಲು ಕೂತವು.

ಅವತ್ತೇ ಸಂಜೆ ಅವ್ವ ಮಾಳಿಗೆಯ ನೀರು ಇಳಿಯುವ ಪೈಪ್ ನೋಡಿದಳು. ಅದು ಗಟಾರಿಗೆ ಹೋಗುತ್ತಿತ್ತು. ಅದಕ್ಕೊಂದು ತುಂಡು ಪೈಪ್ ಸಿಕ್ಕಿಸಿದರೆ ಹಿತ್ತಲಿಗೆ ತಿರುಗುತ್ತದೆ ಅಂದಳು. ನಮ್ಮ ಮನೆಯವರು ಅಂಗಡಿಗೆ ಹೋಗಿ ತಂದು ಕೂಡಿಸಿದರು. "ರೋಹಿಣಿ ಮಳಿ ಆದ್ರ ಓಣಿಯೆಲ್ಲಾ ಜೋಳ ಅಂತಾರ. ನಮಗ ಲಿಂಬಿಯಾದ್ರೂ ಉಳೀಲಿ" ಅಂದಳು ಅವ್ವ.

ಮರುದಿನ ನಾಲ್ಕರ ಹೊತ್ತಿಗೆ ಮೋಡ ಕಟ್ಟಿತು. ಗಾಳಿ ಎದ್ದು ಕಣ್ಣು ತೆರೆಯಲಾಗದಷ್ಟು ಧೂಳು. ನಾನು, ಮಗ, ಅಕ್ಕಾರು ಮಾಳಿಗೆಗೆ ಓಡಿದೆವು. ಅವ್ವ ಮೇಲೆ ಬರಲೇ ಇಲ್ಲ. ಕೆಳಗೆ ಪೈಪಿನ ಹತ್ತಿರ ಸೀರೆ ಎತ್ತಿ ಕಟ್ಟಿ ನಿಂತಿದ್ದಳು. ಮೊದಲು ಇಳಿದ ಧೂಳಿನ ನೀರನ್ನು ಗಟಾರಿಗೇ ಬಿಟ್ಟು, ತಿಳಿಯಾದ ಮೇಲೆ ಪೈಪನ್ನು ಪಾತಿಗೆ ತಿರುಗಿಸಿದಳು. ಒಂದು ಧೋತರದ ಕುರಡಗಿ ನಮ್ಮ ಕೈಯಲ್ಲೇ ನೆನೆಯಿತು. ಕೂಗಿ ಹೇಳಿದೆ.

"ನೆನೀಲಿ ಬಿಡ, ಮತ್ತ ಒಣಗತಾವು. ಈ ನೀರ ಮತ್ತ ಸಿಗೂದಿಲ್ಲ" ಅಂತ ಕೆಳಗಿಂದ ಕೂಗಿದಳು. ಪೂರ್ತಿ ಒದ್ದೆಯಾಗಿದ್ದಳು. ಮುಖ ಬೆಳಗುತ್ತಿತ್ತು.

ಅರ್ಧ ಗಂಟೆ ಚೆನ್ನಾಗಿ ಸುರಿಯಿತು. ಪಾತಿ ತುಂಬಿ, ಇಂಗಿ, ಮತ್ತೆ ತುಂಬಿತು. ಬೇರಿನ ಸುತ್ತಲಿನ ಉಪ್ಪು ಕೆಳಗೆ ಇಳಿಯಲು ಹೀಗೆ ಒಮ್ಮೆಲೇ ತುಂಬಾ ಸಿಹಿ ನೀರು ಹರಿಯಬೇಕು. ಕೊಡದಲ್ಲಿ ಹೊತ್ತು ಹಾಕುವ ಕೆಲಸವಲ್ಲ ಅದು.

ಜೂನ್ 4ಕ್ಕೆ ಅವ್ವ ಊರಿಗೆ ಹೋದಳು. ನೆನೆದ ಕುರಡಗಿ ಒಣಗಿ ತುಸು ಕೆಂಪಾಗಿವೆ. ಅವನ್ನು ನಮಗೆ ಇಟ್ಟುಕೊಂಡು ಬಿಳಿಯವನ್ನು ಅಕ್ಕಾರಿಗೆ ಕೊಟ್ಟೆವು. ಗಿಡದಲ್ಲಿ ಏಳು ಕಾಯಿ ಉಳಿದಿವೆ. ಸುಟ್ಟ ಎಲೆಗಳು ಹಾಗೇ ಇವೆ, ಆದರೆ ಎರಡು ಟೊಂಗೆಯ ತುದಿಯಲ್ಲಿ ಹೊಸ ಚಿಗುರು ಕಾಣುತ್ತಿದೆ.

ಅವ್ವ ದಿನಾ ಸಂಜೆ ಫೋನ್ ಮಾಡುತ್ತಾಳೆ. ಮೊದಲು ಮೊಮ್ಮಗನಿಗೇ ಕೊಡು ಅನ್ನುತ್ತಾಳೆ.

"ಗಡಿಗ್ಯಾಗ ನೀರ ಅದಾವೇನಪಾ?"

ಅವನು ಫೋನ್ ಹಿಡಿದೇ ಹಿತ್ತಲಿಗೆ ಓಡಿ, ಒಂದೊಂದೇ ಫರ್ಸಿ ಎತ್ತುತ್ತಾನೆ. "ತಡಿ ಆಯಿ, ನೋಡಿ ಹೇಳ್ತೀನಿ."