ಅಪ್ಪನ ಹಾಡು, ಮಗಳ ಶ್ರುತಿ
ಅಮೆರಿಕದ ಕಂಟ್ರಿ ಸಂಗೀತದ ಗಾಯಕಿ ಪ್ಯಾಮ್ ಟಿಲಿಸ್ 2002ರಲ್ಲಿ ತಂದ 'ಇಟ್ಸ್ ಆಲ್ ರಿಲೇಟಿವ್' ಆಲ್ಬಂ ಮತ್ತೆ ಕೇಳ್ತಿದ್ದೆ. ಎಲ್ಲವೂ ಅಪ್ಪ ಮೆಲ್ ಟಿಲಿಸ್ ಒಬ್ಬರೇ ಅಥವಾ ಜೊತೆಗಾರರೊಂದಿಗೆ ಬರೆದ ಹಾಡುಗಳು. ಮೆಲ್ ಮಾತಿನಲ್ಲಿ ತೊದಲುತ್ತಿದ್ದವರು, ಹಾಡಿನಲ್ಲಿ ತೊದಲಿದವರಲ್ಲ.

ಅವುಗಳಲ್ಲೊಂದಾದ 'ಡೆಟ್ರಾಯಿಟ್ ಸಿಟಿ'ಯನ್ನು 1963ರಲ್ಲೇ ಗಾಯಕ ಬಾಬಿ ಬೇರ್ ಮನೆಮಾತಾಗಿಸಿದ್ದರು. ಇಂಥ ಗಂಡುಕಂಠದ ಹಾಡನ್ನು ಹೆಣ್ಣು ಅದೇ ಶ್ರುತಿಯಲ್ಲಿ ಹಾಡಿದರೆ ಕೆಳಗಿನ ಸ್ವರಗಳ ಸಾಲು ಕೇಳಿಸುವುದೇ ಇಲ್ಲ. ಇಡೀ ಸ್ಥಾಯಿ ಏರಿಸಿದರೆ ಕಿರುಚಾಟ. ಸಾಮಾನ್ಯವಾಗಿ ಐದರಿಂದ ಏಳು ಅರ್ಧಸ್ವರ (ಒಂದು ಸ್ಥಾಯಿಗೆ ಹನ್ನೆರಡು) ಏರಿಸಿದರೆ ಹದ ಸಿಗುತ್ತೆ. ಗಿಟಾರಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿದರೆ ಮುಗೀತು. ಪಿಟೀಲಿನವರ ಪಾಡು ಬೇರೆ (ಪಾಪ!): ಕೆಲವು ಶ್ರುತಿಗಳಲ್ಲಿ, ಬೆರಳಿಡದೆ ನುಡಿಸುವ ಖಾಲಿ ತಂತಿಗಳ ಆಸರೆ ತಪ್ಪಿ, ಬೆರಳಿಡುವ ಜಾಗವೇ ಬದಲಾಗಿ, ನಾದದ ಕಸುವು ಕಮ್ಮಿಯಾಗುತ್ತೆ.

ಅಂದಹಾಗೆ, ಮಗಳೇ ಹಾಡಿ ಆಲ್ಬಂ ತಂದರೂ ಹಾಡಿನ ಹಕ್ಕಿರುವ ಪಬ್ಲಿಷರಿಗೆ ರಾಯಲ್ಟಿ ಕಟ್ಟಲೇಬೇಕು.